ಕಾರು ಬೀರುವಲ್ಲ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹೊಸಪೇಟೆಯ ಹೊರವಲಯದಲ್ಲಿ ಕಾರನ್ನು ವಾಟರ್ ಸರ್ವಿಸಿಗೆ ಬಿಟ್ಟು, ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಕುಳಿತಿದ್ದೆ. ಕಾರು ತೊಳೆಯುವ ಹುಡುಗ ರಸ್ತೆ ದಾಟಿ ಬಂದ. ಮೊಣಕೈವರೆಗೂ ಸೋಪಿನ ನೊರೆ. "ಅಂಕಲ್, ಸೀಟಿನ ಕೆಳಗ ಇದು ಸಿಕ್ತು ನೋಡ್ರಿ" ಅಂದ. ಚಾಚಿದ ಕೈಯಲ್ಲಿ ನನ್ನ .32 ರಿವಾಲ್ವರ್ ಇತ್ತು. ಅವನ ತೋರುಬೆರಳು ಟ್ರಿಗರಿನ ಮೇಲೆ, ಮೂತಿ ನನ್ನ ಹೊಟ್ಟೆಯ ಕಡೆಗೆ. ಒಳಗೆ ಆರೂ ಗುಂಡು ತುಂಬಿದ್ದವು.

"ಹಂಗ ನಿಂದ್ರಪ್ಪ, ಅಳ್ಳಾಡಬ್ಯಾಡ" ಎಂದು ಅವನ ಮುಂಗೈ ಹಿಡಿದು ಮೂತಿಯನ್ನು ನೆಲಕ್ಕೆ ತಿರುಗಿಸಿದೆ, ಬೆರಳನ್ನು ಬಿಡಿಸಿದೆ. ಪಕ್ಕದ ಚಿಕ್ಕ ಸನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಮಡಚಿದೊಡನೆ ಆರು ಹಿತ್ತಾಳೆ ತೂಟಾಗಳು ಒಟ್ಟಿಗೇ ಮೇಲಕ್ಕೆದ್ದವು. ಹುಡುಗನಿಗೆ ಏನೂ ಗೊತ್ತಾಗಲಿಲ್ಲ. ಮಕ್ಕಳ ಆಟದ ಸಾಮಾನು ಅಂದುಕೊಂಡಿದ್ದನಂತೆ. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅವನು ಅದನ್ನು ನನ್ನ ಹತ್ತಿರ ತರುವ ಬದಲು ಪಕ್ಕದಲ್ಲಿದ್ದ ಗೆಳೆಯನಿಗೆ ತೋರಿಸಲು ಹೋಗಿದ್ದರೆ?

ಅದು ಸೀಟಿನ ಕೆಳಗೆ ಹೋದದ್ದು ಹೇಗೆ ಎಂದು ಹೇಳಲೇಬೇಕು, ಏಕೆಂದರೆ ಹತ್ತರಲ್ಲಿ ಒಂಬತ್ತು ಜನ ಹೀಗೇ ಮಾಡುತ್ತಾರೆ. ಹಿಂದಿನ ರಾತ್ರಿ ಸಂಡೂರಿನಿಂದ ಒಬ್ಬನೇ ಬರುತ್ತಿದ್ದೆ. ಸೊಂಟದ ಬಲಕ್ಕಿದ್ದ ಹೋಲ್‌ಸ್ಟರ್ ಸೀಟಿಗೂ ಪಕ್ಕೆಲುಬಿಗೂ ನಡುವೆ ಸಿಕ್ಕಿ ಒತ್ತುತ್ತಿತ್ತು, ಮೇಲೆ ಸೀಟ್ ಬೆಲ್ಟ್ ಬೇರೆ. ಐದು ನಿಮಿಷ ತಡೆದೆ. ಆಮೇಲೆ ಓಡುವ ಕಾರಿನಲ್ಲೇ ರಿವಾಲ್ವರ್ ತೆಗೆದು ಸೀಟಿನ ಕೆಳಗೆ ತಳ್ಳಿದೆ. ಮನೆ ಮುಟ್ಟಿದಾಗ ಕರೆಂಟ್ ಇರಲಿಲ್ಲ, ಮಳೆ ಬೇರೆ. ಮರೆತೆ. ಅಷ್ಟೇ ಕಥೆ. ಮೈಗೆ ತುಸು ಅಡಚಣೆಯಾಯಿತೆಂದು ಆಯುಧವನ್ನು ಮೈಯಿಂದ ಕಾರಿಗೆ ದಾಟಿಸಿದೆ, ದಾಟಿಸಿದ ಮೇಲೆ ಅದು ನನ್ನದಾಗಿ ಉಳಿಯಲಿಲ್ಲ, ಕಾರಿನದಾಯಿತು. ಕಾರಿನ ಬಾಗಿಲು ತೆರೆಯುವವರು ಎಷ್ಟು ಜನ! ಮೆಕ್ಯಾನಿಕ್, ಪಂಕ್ಚರ್ ಹಾಕುವವನು, ಡ್ರೈವರ್, ಚಾಕೊಲೇಟ್ ಹುಡುಕುವ ಮೊಮ್ಮಗ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದು ಇದನ್ನೇ ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವುದಾದರೆ ಅದು ಹೋಲ್‌ಸ್ಟರಿನಲ್ಲೋ ಬೆನ್ನಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಲೈಸೆನ್ಸುದಾರನ ಹತೋಟಿಯಲ್ಲಿರಬೇಕು. ನಾನು ಈ ನಿಯಮವನ್ನು ಓದಿದಾಗಲೆಲ್ಲ ಆ 'ಹತೋಟಿ' ಎಂಬ ಮಾತಿನ ಮೇಲೆ ನಿಲ್ಲುತ್ತೇನೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟು ನೀವು ಟೀ ಕುಡಿಯಲು ಇಳಿದರೆ ಹತೋಟಿ ಎಲ್ಲಿ ಉಳಿಯಿತು? ಗಾಜಿನ ಒಂದು ಹಾಳೆ, ಪ್ಲಾಸ್ಟಿಕ್ಕಿನ ಒಂದು ಚಿಲಕ. ಅದನ್ನು ಬೀಗ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಕಾರಿನಲ್ಲಿ ಹೇಗೆ ಒಯ್ಯಬೇಕು? ಎರಡೇ ದಾರಿ ನನಗೆ ಒಪ್ಪಿಗೆ. ಮೈಮೇಲೆ ಇರುವುದಾದರೆ ಇಡೀ ಪ್ರಯಾಣ ಮೈಮೇಲೇ ಇರಲಿ. ಮನೆಯಲ್ಲೇ ಹೋಲ್‌ಸ್ಟರ್ ಸರಿಯಾಗಿ ಕೂಡಿಸಿಕೊಳ್ಳಿ, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಇರಲಿ, ನಿಮ್ಮ ಊಟದ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು ನೋಡಿ. ನಮ್ಮ ಕಾರುಗಳಲ್ಲಿ ಚಾಲಕನ ಬೆಲ್ಟ್ ಬಲಭುಜದಿಂದ ಇಳಿದು ಎಡಸೊಂಟದ ಹತ್ತಿರ ಸಿಕ್ಕಿಕೊಳ್ಳುತ್ತದೆ. ಬಲಗಡೆಯ ಅಂಗಿಯ ಅಂಚು ಬೆಲ್ಟಿನ ಪಟ್ಟಿಯಡಿ ಸಿಕ್ಕಿ ಮೇಲೇಳುತ್ತದೆ, ಆಯುಧ ಹೊರಗೆ ಕಾಣುತ್ತದೆ. ಬೆಲ್ಟ್ ಹಾಕಿದ ಮೇಲೆ ಅಂಗಿಯನ್ನು ಕೆಳಕ್ಕೆ ಎಳೆದುಕೊಳ್ಳುವುದು ಅಭ್ಯಾಸವಾಗಬೇಕು. ಅಂಗಿಯನ್ನು ಮಾತ್ರ. ಕುಳಿತಲ್ಲೇ ಆಯುಧ ತೆಗೆಯುವುದು, ಸರಿಸುವುದು, ಮತ್ತೆ ತೂರಿಸುವುದು ಬೇಡ. ಕಾರಿನ ಇಕ್ಕಟ್ಟಿನಲ್ಲಿ ಮೂತಿ ಯಾವಾಗಲೂ ಯಾರದಾದರೂ ತೊಡೆಯ ಮೇಲೇ ಹಾಯುತ್ತದೆ.

ಇದಾಗದಿದ್ದರೆ ಮನೆಯಲ್ಲೇ ಖಾಲಿ ಮಾಡಿ, ಬೀಗವಿರುವ ಚೀಲದಲ್ಲಿಟ್ಟು, ಗುಂಡುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಚೀಲವನ್ನು ಕೈಗೆ ತೆಗೆದುಕೊಳ್ಳಿ. ನೀವು ಇಳಿದಾಗ ಅದೂ ಇಳಿಯಬೇಕು. ಖಾಲಿ ಮಾಡುವುದರಲ್ಲೂ ಒಂದು ಕ್ರಮವಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ಆದರೆ ಮಡಚಿದೊಡನೆ ಆರೂ ಮನೆ ಕಣ್ಣಿಗೆ ಕಾಣುತ್ತವೆ. ಆ ಪ್ರಾಮಾಣಿಕತೆಯೇ ನನಗೆ ರಿವಾಲ್ವರ್ ಮೇಲೆ ಪ್ರೀತಿ ಹುಟ್ಟಿಸಿದ್ದು. ಪಿಸ್ತೂಲು ಹಾಗಲ್ಲ. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ. ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. 'ಖಾಲಿ' ಎಂದುಕೊಂಡ ಪಿಸ್ತೂಲಿನಿಂದ ಹಾರುವುದು ಆ ಒಂದೇ ಗುಂಡು. ಅನುಕ್ರಮ ತಪ್ಪಿಸಿ ಮೊದಲು ಸ್ಲೈಡ್ ಎಳೆದರೆ ಮ್ಯಾಗಜಿನ್ನಿನಿಂದ ಇನ್ನೊಂದು ಗುಂಡು ಮೇಲೇರಿ ಕೂರುತ್ತದೆ. ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ.

ಕಾರಿನ ಸೀಟಿನ ಚೌಕಟ್ಟಿಗೆ ಉಕ್ಕಿನ ತಂತಿಯಿಂದ ಬಿಗಿಯುವ ಪುಟ್ಟ ಪೆಟ್ಟಿಗೆಗಳಿವೆ, ಅದಾಗದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಅನಿವಾರ್ಯವಾದ ಹತ್ತು ನಿಮಿಷಕ್ಕೆ ಬರಿ ಸೀಟಿಗಿಂತ ಅದು ವಾಸಿ. ಆದರೆ ಅದನ್ನು ನಂಬಿ ಮನೆಯಿಂದ ಹೊರಡಬೇಡಿ. ಇದಕ್ಕೆ ಹಂಪಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗುವವರು ಗೆಜ್ಜಲ ಮಂಟಪದ ಹತ್ತಿರ ವಾಹನ ಬಿಟ್ಟು, ಬ್ಯಾಟರಿ ಗಾಡಿ ಹತ್ತಬೇಕು. ಕಲ್ಲಿನ ರಥದ ಮುಂದೆ ನಿಂತವರಿಗೆ ತಮ್ಮ ಕಾರು ಕಾಣುವುದಿಲ್ಲ. ಸೊಂಟದಲ್ಲಿಟ್ಟುಕೊಂಡು ವಿರೂಪಾಕ್ಷನ ಮುಂದೆ ನಿಲ್ಲುವುದು ನನಗಂತೂ ಆಗದ ಮಾತು. ಕಾರಿನಲ್ಲಿ ಬಿಟ್ಟರೆ, ಏಪ್ರಿಲ್‌ ಬಿಸಿಲಿನಲ್ಲಿ, ಊರಿಂದೂರಿಗೆ ಬಂದ ನೂರು ವಾಹನಗಳ ನಡುವೆ ಎರಡು ಗಂಟೆ. ಹಾಗಾಗಿ ಹಂಪಿಗೆ ಹೋಗುವ ದಿನ ಅದು ಮನೆಯಲ್ಲೇ. ಹೊಸಪೇಟೆಯಿಂದ ಹದಿಮೂರು ಕಿಲೋಮೀಟರ್ ದಾರಿಗೆ ಅದರ ಅಗತ್ಯವೂ ನನಗೆ ಕಂಡಿಲ್ಲ.

ದರೋಜಿಯ ಮಾತು ಇನ್ನೂ ಕಟ್ಟುನಿಟ್ಟು. 1994ರಲ್ಲಿ ಘೋಷಣೆಯಾದ ಕರಡಿಧಾಮಕ್ಕೆ ಮಧ್ಯಾಹ್ನ ಹೋಗಿ, ವೀಕ್ಷಣಾ ಗೋಪುರದಿಂದ ಕರಡಿಕಲ್ಲು ಗುಡ್ಡದ ಕಡೆ ನೋಡುತ್ತ ಕೂರುವುದು ನಮ್ಮ ಕಡೆಯವರಿಗೆಲ್ಲ ಇಷ್ಟ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಯಾವುದೇ ಆಯುಧದೊಂದಿಗೆ ಅಭಯಾರಣ್ಯದೊಳಗೆ ಹೋಗುವಂತಿಲ್ಲ. ನಿಮ್ಮ ಲೈಸೆನ್ಸು ಊರಿನಲ್ಲಿ ಎಷ್ಟು ಊರ್ಜಿತವಾದರೂ ಆ ಗೇಟಿನ ಒಳಗೆ ಅದು ಸಾಲದು. ಡಿಕ್ಕಿಯಲ್ಲಿದೆ, ಖಾಲಿಯಿದೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಕಂಪ್ಲಿಗೆ ಕೆಲಸದ ಮೇಲೆ ಹೊರಟವರು 'ಹೆಂಗೂ ದಾರಿಯಲ್ಲೇ ಐತಿ, ಕರಡಿ ನೋಡಿಕೊಂಡು ಹೋಗೋಣ' ಎಂದು ವಾಹನ ತಿರುಗಿಸುತ್ತಾರಲ್ಲ, ಅಂಥ ಸಮಯದಲ್ಲೇ ಇದು ಮರೆತುಹೋಗುವುದು.

ಕಂಪ್ಲಿಯ ಹೆಸರು ಬಂತು. ನಮ್ಮ ಭಾಗದವರು ಲೈಸೆನ್ಸ್ ಪುಸ್ತಕ ತೆಗೆದು ಒಮ್ಮೆ ಓದಿ ಎಂದು ಹೇಳುವುದಕ್ಕೆ ಅದೇ ಕಾರಣ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಹುಟ್ಟಿತು. ಹೊಸಪೇಟೆ, ಹಂಪಿ ಈ ಕಡೆ ಬಂದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿ ಸೇತುವೆ ದಾಟಿದರೆ ಕೊಪ್ಪಳ ಜಿಲ್ಲೆ, ತುಂಗಭದ್ರಾ ಅಣೆಕಟ್ಟಿನ ಆಚೆ ದಡದ ಮುನಿರಾಬಾದ್ ಕೂಡ ಕೊಪ್ಪಳವೇ. ಲೈಸೆನ್ಸಿನಲ್ಲಿ ಅದು ನಡೆಯುವ ವ್ಯಾಪ್ತಿ ಬರೆದಿರುತ್ತದೆ: ಒಂದು ಜಿಲ್ಲೆ, ಇಡೀ ರಾಜ್ಯ, ಇಲ್ಲವೇ ಇಡೀ ಭಾರತ. ಜಿಲ್ಲೆಯ ವ್ಯಾಪ್ತಿಯವರು ಒಂದು ಬೆಳಗಿನಲ್ಲೇ ಅರಿವಿಲ್ಲದೆ ಮೂರು ಜಿಲ್ಲೆ ಸುತ್ತಿ ಬರುತ್ತಾರೆ. ರಾಜ್ಯದ ವ್ಯಾಪ್ತಿಯವರು ಗುರುವಾರ ಮಂತ್ರಾಲಯಕ್ಕೆ ಹೊರಟರೆ ಆಂಧ್ರದ ಗಡಿಯಲ್ಲಿ ಅವರ ಹಕ್ಕು ಮುಗಿಯುತ್ತದೆ. ರಾಯರ ದರ್ಶನಕ್ಕೆ ಪಿಸ್ತೂಲು ಯಾಕೆ ಬೇಕು ಎಂಬುದು ಬೇರೆ ಮಾತು. ಜಿಲ್ಲೆ ಒಡೆಯುವ ಮೊದಲಿನ ಪುಸ್ತಕವಿದ್ದರೆ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ ವ್ಯಾಪ್ತಿಯ ಷರಾ ಸರಿ ಮಾಡಿಸಿಕೊಳ್ಳಿ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಗೆ 5 ವರ್ಷ ಆಯಸ್ಸು ಸಿಕ್ಕಿದೆ, ಅದರಿಂದಲೇ ನವೀಕರಣದ ದಿನ ಮರೆಯುವವರೂ ಹೆಚ್ಚಿದ್ದಾರೆ.

ಡ್ರೈವರ್ ಇಟ್ಟುಕೊಂಡವರಿಗೆ ಒಂದು ಮಾತು, ಕೈಮುಗಿದು ಹೇಳುತ್ತೇನೆ. ನೀವು ಮದುವೆ ಮಂಟಪದೊಳಗೆ ಹೋಗಿ, ಆಯುಧ ಕಾರಿನಲ್ಲೇ ಉಳಿದು, ಡ್ರೈವರ್ ಸ್ಟೀರಿಂಗ್ ಮುಂದೆ ಕುಳಿತಿದ್ದರೆ, ಆ ಗಳಿಗೆಯಲ್ಲಿ ಅದು ಯಾರ ವಶದಲ್ಲಿದೆ? ನಿಮ್ಮ ಎದುರಿನಲ್ಲಿ ಅಥವಾ ನಿಮ್ಮ ಲಿಖಿತ ಅಧಿಕಾರದ ಮೇಲೆ, ರಿಪೇರಿ, ನವೀಕರಣ ಅಥವಾ ನಿಮ್ಮ ಬಳಕೆಗಾಗಿ ಮಾತ್ರ ಇನ್ನೊಬ್ಬ ಅದನ್ನು ಒಯ್ಯಬಹುದು ಎಂದು ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಅದರಾಚೆ ಹೋದರೆ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡ ಆರೋಪ ಬಂದು ಕೂರುವುದು ತಿಂಗಳ ಸಂಬಳಕ್ಕೆ ದುಡಿಯುವ ಆ ಮನುಷ್ಯನ ಕೊರಳಿಗೆ. ಅವನ ಮನೆಯಲ್ಲೂ ಹೆಂಡತಿ ಮಕ್ಕಳಿದ್ದಾರೆ. ಇನ್ನು ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವವರಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಕಾದಿವೆ. ಅಂಥವರಿಗಾಗಿ ನಾನು ಈ ಅಂಕಣ ಬರೆಯುತ್ತಿಲ್ಲ.

ಸಂಡೂರಿನ ನನ್ನ ಹಿರಿಯ ಸ್ನೇಹಿತರೊಬ್ಬರು ಆಯುಧ ಸಾಗಿಸುವುದನ್ನು ಕಲಿತದ್ದು ಚುನಾವಣೆಗಳಿಂದ. 2023ರ ಮೇ 10ರ ವಿಧಾನಸಭೆ, 2024ರ ಮೇ 7ರ ಲೋಕಸಭೆ, ಅದೇ ವರ್ಷ ನವೆಂಬರ್ 13ರ ಸಂಡೂರು ಉಪಚುನಾವಣೆ. ಒಂದೂವರೆ ವರ್ಷದಲ್ಲಿ ಮೂರು ಸಲ ನೀತಿಸಂಹಿತೆ, ಮೂರು ಸಲ ಠಾಣೆಗೆ ಠೇವಣಿ. ಅವರ ರೀತಿ ನೋಡಿ ಕಲಿಯುವಂಥದ್ದು. ಹಿಂದಿನ ದಿನವೇ ಠಾಣೆಗೆ ಫೋನ್ ಮಾಡಿ ಹೊತ್ತು ಕೇಳುತ್ತಾರೆ. ಮನೆಯಲ್ಲೇ ಖಾಲಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು ನೇರ ಠಾಣೆಗೆ. ದಾರಿಯಲ್ಲಿ ಬ್ಯಾಂಕಿಲ್ಲ, ತರಕಾರಿಯಿಲ್ಲ. ಮೇಜಿನ ಮೇಲಿಟ್ಟು "ಸಾರ್, ಖಾಲಿ ಐತಿ, ನೀವೂ ಒಮ್ಮೆ ತೆಗದು ನೋಡ್ರಿ" ಎನ್ನುತ್ತಾರೆ. ಆಯುಧದ ನಂಬರ್ ಅಕ್ಷರ ಅಕ್ಷರ ತಾಳೆ ನೋಡಿಯೇ ರಸೀದಿ ಪಡೆಯುತ್ತಾರೆ.

ಅವರಿಂದಲೇ ನಾನು ಧೂಳಿನ ಪಾಠವನ್ನೂ ಕಲಿತೆ. ಸಂಡೂರಿನ ಅದಿರಿನ ಧೂಳು ಸಾಮಾನ್ಯವಾದದ್ದಲ್ಲ. ಒಮ್ಮೆ ಅವರು ತಮ್ಮ ಪಿಸ್ತೂಲಿನ ಸ್ಲೈಡ್ ಕಳಚಿ ಬಿಳಿ ಬನಿಯನ್ ತುಂಡಿನಿಂದ ಒರೆಸಿ ತೋರಿಸಿದರು. ಬಟ್ಟೆಯ ಮೇಲೆ ಕುಂಕುಮ ಕಲಸಿದಂಥ ಕೆಂಪು. ಎಣ್ಣೆ ಹೆಚ್ಚಾದಷ್ಟೂ ಧೂಳು ಹಿಡಿದು ಸಾಣೆಕಲ್ಲಿನ ಹಿಟ್ಟಿನಂತೆ ಉಕ್ಕನ್ನೇ ತಿನ್ನುತ್ತದೆ. ಎರಡು ತಿಂಗಳು ಕಾರಿನಲ್ಲೇ ಇದ್ದದ್ದರ ಫಲ ಅದು. ನಮ್ಮ ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಗುಂಡು ತಾನಾಗಿ ಸಿಡಿಯುವುದಿಲ್ಲ, ಆ ಭಯ ಬೇಡ. ಆದರೆ ದಿನವೂ ಕಾದು ಆರುವ ತೂಟಾದೊಳಗಿನ ಮದ್ದು ಕೆಡುತ್ತ ಹೋಗುತ್ತದೆ. ಚರ್ಮದ ಹೋಲ್‌ಸ್ಟರಿನಲ್ಲಿ ಬಿಟ್ಟರಂತೂ ಹಿತ್ತಾಳೆಗೆ ಹಸಿರು ಕಿಲುಬು ಖಚಿತ.

ರಾತ್ರಿ ನಾಕಾಬಂದಿಯಲ್ಲಿ ಕೈ ಅಡ್ಡ ಹಾಕಿದರೆ ಕಾರಿನೊಳಗಿನ ದೀಪ ಹಾಕಿ, ಎರಡೂ ಕೈ ಸ್ಟೀರಿಂಗ್ ಮೇಲಿಡಿ. ಜೇಬಿಗೆ ಕೈ ಹಾಕುವ ಮೊದಲು ಬಾಯಿಂದ ಹೇಳಿ: "ಸಾರ್, ನನ್ನ ಹತ್ರ ಲೈಸೆನ್ಸ್ ಇರೋ ರಿವಾಲ್ವರ್ ಐತಿ, ಬಲಸೊಂಟದಾಗ ಐತಿ. ಪುಸ್ತಕ ಮೇಲ್ಜೇಬಿನಾಗ ಐತಿ, ತೆಗೀಲೇನ್ರಿ?" ಅಸಲಿ ಪುಸ್ತಕವನ್ನೇ ಕೊಡಿ. 'ತೋರಿಸ್ರಿ' ಅಂದರೂ ನೀವಾಗಿ ಆಯುಧ ಎಳೆಯಬೇಡಿ, ಅವರು ಹೇಳಿದಂತೆ ಇಳಿದು ನಿಲ್ಲಿ. ಕತ್ತಲಲ್ಲಿ ನಿಂತ ಆ ಪೇದೆಗೆ ನೀವು ಯಾರೆಂದು ಗೊತ್ತಿಲ್ಲ, ಅವರೂ ಮನೆಗೆ ಹೋಗಬೇಕಾದವರು.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಪೋರ್ಚುಗೀಸ್ ಕೋವಿಕಾರರು ಅವನ ಕಡೆ ನಿಂತಿದ್ದರು. ಈ ಸೀಮೆಗೆ ಕೋವಿಯ ಪರಿಚಯ ಐನೂರು ವರ್ಷದ್ದು, ಆಯುಧ ಪೂಜೆಯ ನಂಟು ಅದಕ್ಕೂ ಹಿಂದಿನದು. ಮಹಾನವಮಿ ದಿಬ್ಬದ ನೆರಳಿನ ನಾಡಿನವರು ನಾವು, ನಮ್ಮ ಮನೆಯಲ್ಲೂ ಆ ದಿನ ಪೂಜೆಯುಂಟು. ಬೆಳಿಗ್ಗೆ ಗುಂಡಿನ ಡಬ್ಬಿ ಬೀರುವಿನ ಮೇಲಿನ ಖಾನೆಯಲ್ಲೇ ಉಳಿಯುತ್ತದೆ, ರಿವಾಲ್ವರ್ ಮಾತ್ರ ಈಚೆ ಬರುತ್ತದೆ. ಮಡಚಿದ ಸ್ಥಿತಿಯಲ್ಲೇ, ಆರೂ ಮನೆ ಖಾಲಿ ಕಾಣುವ ಹಾಗೆ, ತಟ್ಟೆಯ ಮೇಲೆ ಇಡುತ್ತೇವೆ. ಕುಂಕುಮ ಹಿಡಿಕೆಗೆ ಮಾತ್ರ, ನಳಿಗೆಯ ಬಾಯಿಗೆ ಅಲ್ಲ. ಮಂಗಳಾರತಿ ಆದ ಮೇಲೆ ನನ್ನ ಹೆಂಡತಿ ಒಣಬಟ್ಟೆ ಕೊಡುತ್ತಾಳೆ, ನಾನು ಒರೆಸಿ ಒಳಗಿಟ್ಟು ಬೀಗ ಹಾಕುತ್ತೇನೆ. ಆಮೇಲೆ ಮೊಮ್ಮಕ್ಕಳು ಹೊರಗೆ ಓಡಿ ಕಾರಿನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡುತ್ತಾರೆ, ಎಲ್ಲರೂ ಹತ್ತಿ ಹಂಪಿಗೆ ಹೊರಡುತ್ತೇವೆ.