ತುಂಗೆಗೆ ಒಂದು ಎಚ್ಚರಿಕೆ, ಭದ್ರೆಗೆ ಇನ್ನೊಂದು

ಸೆನ್ಸರ್‌ಗಳ ಜಾಲ ಹರಡಿ ಮಂಜಿನಿಂದ ನೀರು ಹಿಡಿಯಬಹುದು, ಅದೇ ಜಾಲದಿಂದ ನೆರೆಯ ಮುನ್ಸೂಚನೆಯನ್ನೂ ಪಡೆಯಬಹುದು ಎಂಬ ಯೋಚನೆ ಕೇಳಲು ಸೊಗಸು. ಶಿವಮೊಗ್ಗ, ಭದ್ರಾವತಿಗೆ ತಂದು ಒರೆಹಚ್ಚಿದರೆ ಮೊದಲ ಮಾತು ನಿಲ್ಲುವುದಿಲ್ಲ. ಎರಡನೆಯದು ಒಂದು ಊರಿಗೆ ಹೊಂದುತ್ತದೆ, ಇನ್ನೊಂದಕ್ಕೆ ಸಾಲದು.

ಮಂಜಿನ ಲೆಕ್ಕ ಮೊದಲು. ಚಿಲಿ ದೇಶದ ಚುಂಗುಂಗೊ ಹಳ್ಳಿ 1990ರ ದಶಕದಲ್ಲಿ ಬೆಟ್ಟದ ಮೇಲೆ ಬಲೆ ಕಟ್ಟಿ ಕುಡಿಯುವ ನೀರು ಪಡೆಯಿತು. ಚದರ ಮೀಟರ್ ಬಲೆಗೆ ದಿನಕ್ಕೆ ಸರಾಸರಿ 3 ಲೀಟರ್. ಮಳೆ ಅಪರೂಪವಾದ, ಕಡಲ ಗಾಳಿ ಮಂಜನ್ನು ಬಲೆಗೆ ನೂಕುವ ಆ ಊರಿಗೆ ಅದು ಭಾಗ್ಯವೇ. ಇಲ್ಲಿ ವರ್ಷವಿಡೀ ಅಷ್ಟೇ ಸಿಕ್ಕಿತೆಂದುಕೊಂಡರೂ 1,100 ಲೀಟರ್ ತುಂಬದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುವ ಆಗುಂಬೆಯಲ್ಲಿ ಅಷ್ಟೇ ಜಾಗದ ಮಾಡಿನ ಮೇಲೆ 7,000 ಲೀಟರ್ ಬೀಳುತ್ತದೆ! ಘಟ್ಟದ ನೆತ್ತಿಯಲ್ಲಿ ಗಾಳಿಯೊಡನೆ ಮಂಜು ಕವಿಯುವುದೂ ಮಳೆಗಾಲದಲ್ಲೇ. ಬಾವಿಗಳು ತಳ ಕಾಣುವ ಏಪ್ರಿಲ್‌ನಲ್ಲಿ ಬಲೆ ಒಣಗಿರುತ್ತದೆ. ಶಿವಮೊಗ್ಗ ಪೇಟೆಯ ಚಳಿಗಾಲದ ಮಂಜೋ, ಗಾಳಿಯಿಲ್ಲದೆ ನಿಂತು ಬಿಸಿಲೇರಿದಂತೆ ಕರಗಿಹೋಗುವಂಥದ್ದು. ಬಲೆಗೆ ಹಾಕುವ ಹಣವನ್ನು ಮಳೆನೀರಿನ ತೊಟ್ಟಿಗೆ ಹಾಕುವುದು ಲೇಸು.

ನೆರೆಯ ವಿಷಯದಲ್ಲಿ ಸೆನ್ಸರ್‌ಗೆ ನಿಜವಾದ ಕೆಲಸವಿದೆ. ಶಿವಮೊಗ್ಗಕ್ಕಿಂತ ಮೇಲೆ ತುಂಗೆಗೆ ಕಟ್ಟಿದ ಗಾಜನೂರು ಅಣೆಕಟ್ಟೆ ಹಿಡಿಯುವುದು 3.24 ಟಿಎಂಸಿ ಮಾತ್ರ. ಮುಂಗಾರು ಬಿರುಸಾದರೆ ಬೇಗ ತುಂಬಿ, ಬಂದಷ್ಟು ನೀರನ್ನೂ ಹೊಳೆಗೆ ಬಿಡುತ್ತದೆ. ಹೀಗಾಗಿ ಶಿವಮೊಗ್ಗದ ನೆರೆ ನಿರ್ಧಾರವಾಗುವುದು ಶೃಂಗೇರಿ, ತೀರ್ಥಹಳ್ಳಿಗಳ ಮಳೆಯಲ್ಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಇಟ್ಟಿರುವ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಆ ಮಳೆ ಹೊಳೆಯಾಗಿ ಪೇಟೆ ಮುಟ್ಟುವಷ್ಟು ಹೊತ್ತು ಜನರನ್ನು ಎಬ್ಬಿಸಲು ಸಿಗುವ ಹೊತ್ತು.

ಭದ್ರಾವತಿಯಲ್ಲಿ ಈ ಲೆಕ್ಕ ನಡೆಯದು. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿಯದು. ತಳಮಟ್ಟದಲ್ಲಿದ್ದಾಗ ದೊಡ್ಡ ಮಳೆಯನ್ನೂ ನುಂಗಿಕೊಳ್ಳುತ್ತದೆ. 186 ಅಡಿಯ ಗರಿಷ್ಠ ಮಟ್ಟ ಸಮೀಪಿಸಿದಾಗ ಗೇಟು ಯಾವಾಗ, ಎಷ್ಟು ಎತ್ತಬೇಕೆಂಬುದು ಎಂಜಿನಿಯರುಗಳ ತೀರ್ಮಾನ. ಪೇಟೆಯ ಹೊಸ ಸೇತುವೆ ಮುಳುಗುವುದು, ಹೊಳೆದಂಡೆಯ ಕವಲಗುಂದಿಗೆ ನೀರು ನುಗ್ಗುವುದು ಆ ತೀರ್ಮಾನದ ಬೆನ್ನಿಗೇ. ಅದನ್ನು ಯಾವ ಮಾಪಕವೂ ಮುಂಚಿತವಾಗಿ ಅಳೆಯದು. ಸೇತುವೆಯ ಕಂಬಕ್ಕೆ ಕೂರಿಸಿದ ಸೆನ್ಸರ್ ನೀರು ಬಂದ ಮೇಲೆ ಸುದ್ದಿ ಕೊಡುತ್ತದೆ, ಅಷ್ಟೆ. ನದಿಪಾತ್ರದ ಜನ ಎಚ್ಚರದಿಂದಿರಬೇಕೆಂಬ ಸವಕಲು ಪ್ರಕಟಣೆಯೂ ಸಾಲದು. ಎಷ್ಟು ಕ್ಯೂಸೆಕ್ ಬಿಡುತ್ತಾರೆ, ಎಷ್ಟು ಗಂಟೆಗೆ, ಯಾವ ಬೀದಿಗೆ ನೀರು ಬರುತ್ತದೆ ಎಂದು ಮುಂಚೆಯೇ ಹೇಳಬೇಕು.

2019ರ ಆಗಸ್ಟ್‌ನಲ್ಲಿ ತುಂಗೆ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದ್ದಳು. ಕ್ಯೂಸೆಕ್ ಅರಿಯದವರಿಗೂ ಈ ಊರಿನಲ್ಲಿ ಒಂದು ಅಳತೆ ಗೊತ್ತು: ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು. ಸೆನ್ಸರ್ ಜಾಲಕ್ಕೆ ಕೊರತೆಯಾಗಿರುವುದು ಇಂಥ ಭಾಷೆ. ಮಂಟಪ ಇನ್ನೆಷ್ಟು ಗಂಟೆಯಲ್ಲಿ ಮುಳುಗುತ್ತದೆ, ಮುಳುಗಿದರೆ ತಗ್ಗಿನ ಬಡಾವಣೆ ಸೀಗೆಹಟ್ಟಿಯವರು ಎಷ್ಟರೊಳಗೆ ಮನೆ ಬಿಡಬೇಕು ಎಂದು ಹೇಳಲಾರದ ಜಾಲಕ್ಕೆ ಇನ್ನಷ್ಟು ಯಂತ್ರ ಸೇರಿಸುವುದು ದುಂದು.