ಸಮಾಲೋಚನೆ ಎಂಬ ಶಬ್ದದ ಅರ್ಥವಿಚಾರ

ಭಾರತ ಸಂವಿಧಾನದ 124ನೆಯ ಅನುಚ್ಛೇದವು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ರಾಷ್ಟ್ರಪತಿಯು ನೇಮಿಸಬೇಕೆಂದೂ, ಮುಖ್ಯ ನ್ಯಾಯಾಧೀಶರ ಹೊರತು ಇತರರ ನೇಮಕದಲ್ಲಿ ಮುಖ್ಯ ನ್ಯಾಯಾಧೀಶರೊಡನೆ ತಪ್ಪದೆ ಸಮಾಲೋಚಿಸಬೇಕೆಂದೂ ವಿಧಿಸುತ್ತದೆ. ರಾಷ್ಟ್ರಪತಿಯೆಂದರೆ ಇಲ್ಲಿ ವಸ್ತುತಃ ಮಂತ್ರಿಮಂಡಲವೇ. ಆದುದರಿಂದ ಕಾರ್ಯಾಂಗದ ಅಧಿಕಾರಕ್ಕೆ ಎಲ್ಲೆ ಯಾವುದೆಂಬ ಪ್ರಶ್ನೆಯು ‘ಕನ್ಸಲ್ಟೇಷನ್’ ಎಂಬ ಒಂದು ಮೂಲಪದವನ್ನು ಆಶ್ರಯಿಸಿ ನಿಂತಿರುವುದು.

ವಾಚ್ಯಾರ್ಥವನ್ನು ಮಾತ್ರ ನೋಡಿದರೆ ಸಂದೇಹಕ್ಕೆ ಎಡೆಯಿಲ್ಲ. ಅಭಿಪ್ರಾಯ ಕೇಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. ಅದೇ ಗ್ರಂಥದ 370ನೆಯ ಅನುಚ್ಛೇದವು (2019ರಲ್ಲಿ ಅದರ ಬಲ ಕಳೆಯಿತು) ಕೆಲವು ವಿಷಯಗಳಿಗೆ ಕಾಶ್ಮೀರ ಸರ್ಕಾರದೊಡನೆ ಸಮಾಲೋಚನೆಯನ್ನೂ, ಉಳಿದವಕ್ಕೆ ಅದರ ಸಹಮತಿಯನ್ನೂ ಅಕ್ಕಪಕ್ಕದಲ್ಲಿಯೇ ವಿಧಿಸಿದ್ದಿತು. ಎರಡು ಪದಗಳ ಅಂತರವನ್ನು ಬಲ್ಲವರೇ 124ನ್ನೂ ಬರೆದರು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಸಹಮತಿಯ ಸೂಚನೆ ಬಂದಾಗ ಡಾ. ಅಂಬೇಡ್ಕರರು, ಮುಖ್ಯ ನ್ಯಾಯಾಧೀಶರೂ ಮನುಷ್ಯಸಹಜವಾದ ದೌರ್ಬಲ್ಯಗಳುಳ್ಳವರೇ ಎಂದು ಹೇಳಿ, ಅವರಿಗೆ ನಿಷೇಧಾಧಿಕಾರ ಕೊಡಲು ಒಪ್ಪಲಿಲ್ಲ. 1981ರ ಎಸ್. ಪಿ. ಗುಪ್ತ ತೀರ್ಪು ಈ ನೇರಾರ್ಥವನ್ನೇ ಹಿಡಿಯಿತು.

1993ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠದ ಬಹುಮತವು ಅದನ್ನು ಬಿಟ್ಟು, ಭಿನ್ನಾಭಿಪ್ರಾಯ ಬಂದರೆ ಮುಖ್ಯ ನ್ಯಾಯಾಧೀಶರ ಮಾತಿಗೇ ಪ್ರಾಶಸ್ತ್ಯವೆಂದಿತು. 1998ರಲ್ಲಿ ಆ ಮಾತು ಅವರೂ ನಾಲ್ವರು ಹಿರಿಯರೂ ಕೂಡಿದ ಮಂಡಲಿಯದಾಯಿತು. ಮಂಡಲಿಯೆಂಬುದು ಮೂಲದಲ್ಲಿ ಎಲ್ಲಿಯೂ ಇಲ್ಲ. ಪದವು ಇಷ್ಟು ಭಾರವನ್ನು ಹೊರಲಾರದು. ಆದರೆ ಪ್ರಕರಣವನ್ನು ಮರೆತು ವ್ಯಾಖ್ಯಾನವನ್ನು ದೂಷಿಸುವುದೂ ನ್ಯಾಯವಲ್ಲ. 1973ರ ಏಪ್ರಿಲ್‌ನಲ್ಲಿ ಕೇಶವಾನಂದ ಭಾರತಿ ತೀರ್ಪು ಹೊರಬಿದ್ದ ಮರುದಿನವೇ, ಸರ್ಕಾರಕ್ಕೆ ಪ್ರತಿಕೂಲವಾಗಿ ತೀರ್ಪಿತ್ತಿದ್ದ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು, ಮೂವರೂ ರಾಜೀನಾಮೆಯಿತ್ತರು. (ಕೆ. ಎಸ್. ಹೆಗ್ಡೆಯವರು ಹಿಂದೆ ಮೈಸೂರು ಹೈಕೋರ್ಟಿನಲ್ಲಿದ್ದವರು.) ತುರ್ತುಪರಿಸ್ಥಿತಿಯ ಕಾಲದಲ್ಲಿ ಏಕಾಕಿಯಾಗಿ ಭಿನ್ನತೀರ್ಪು ಬರೆದ ಖನ್ನಾ ಅವರನ್ನು 1977ರಲ್ಲಿ ಹೀಗೆಯೇ ದಾಟಲಾಯಿತು. ಈ ನೇಮಕಗಳಲ್ಲಿ ಅಕ್ಷರಲೋಪವೇನೂ ಇರಲಿಲ್ಲವೆಂಬುದೇ ಗಮನಾರ್ಹ. ಅಕ್ಷರವು ಕಾಯಲಾರದುದನ್ನು ವ್ಯಾಖ್ಯಾನಕಾರರು ಕಾಯಹೊರಟರು.

ಆಕ್ಷೇಪವಿರುವುದು ಅವರ ಉದ್ದೇಶದಲ್ಲಲ್ಲ, ರೀತಿಯಲ್ಲಿ. ವಾಕ್ಯದಲ್ಲಿಲ್ಲದುದನ್ನು ಹೊರಗಿನಿಂದ ತಂದು ಪೂರಯಿಸುವುದು ಅಧ್ಯಾಹಾರ; ಅದನ್ನು ಅಧ್ಯಾಹಾರವೆಂದೇ ಒಪ್ಪಿಕೊಳ್ಳಬೇಕಾಗಿದ್ದಿತು, ವಾಚ್ಯಾರ್ಥವೆಂದು ನಿಲ್ಲಿಸಬಾರದಾಗಿದ್ದಿತು. ಇದರ ಫಲವು 2015ರಲ್ಲಿ ಕಂಡಿತು. ಕಾನೂನು ಮಂತ್ರಿಯನ್ನೂ ಒಳಗೊಂಡ ಆರು ಸದಸ್ಯರ ಆಯೋಗವನ್ನು ಏರ್ಪಡಿಸಿದ್ದ 99ನೆಯ ತಿದ್ದುಪಡಿಯನ್ನು ನ್ಯಾಯಾಲಯವು ನಾಲ್ಕಕ್ಕೆ ಒಂದು ಮತದಿಂದ ರದ್ದುಪಡಿಸಿದಾಗ, ತಿದ್ದಿದ ಪಾಠವನ್ನು ಅಳೆಯುವ ಕೋಲಾದುದು ಹಿಂದಿನ ವ್ಯಾಖ್ಯಾನವೇ. ಕಾರ್ಯಾಂಗವು ಪದದಲ್ಲಿ ಕಳೆದುಕೊಂಡುದನ್ನು ಮೌನದಲ್ಲಿ ಉಳಿಸಿಕೊಂಡಿತು: ಮಂಡಲಿಯು ಸೂಚಿಸಿದ ಹೆಸರನ್ನು ಎಷ್ಟು ದಿನಗಳೊಳಗೆ ಅಂಗೀಕರಿಸಬೇಕೆಂದು 124ನೆಯ ಅನುಚ್ಛೇದವು ಹೇಳುವುದಿಲ್ಲ.