ರೇಖೆಯ ಹೊರಗಿನ ಹಿಡಿಕೆ: ವೆಕ್ಟರ್ ಚಿತ್ರಣದಲ್ಲಿ ವಕ್ರರೇಖೆಯ ನಿಯಂತ್ರಣ

ಗಣಕದಲ್ಲಿ ವಕ್ರರೇಖೆಯನ್ನು ತಿದ್ದುವ ಪರಿಕರಗಳಿಗೆ ‘ಸಹಜ’ ಎಂಬ ವಿಶೇಷಣ ಧಾರಾಳವಾಗಿ ಸಲ್ಲುತ್ತಿದೆ. ಆದರೆ ಬಹುತೇಕ ವೆಕ್ಟರ್ ತಂತ್ರಾಂಶಗಳಲ್ಲಿ ಕಾಣುವ ಹಿಡಿಕೆಯ ಮೂಲ ಚಿತ್ರಕಾರರ ಕೊಠಡಿಯಲ್ಲಿಲ್ಲ. ಕಾರಿನ ಹೊರಮೈಯ ಬಾಗುಗಳನ್ನು ಯಂತ್ರಕ್ಕೆ ನಿಖರವಾಗಿ ತಿಳಿಸಬೇಕಾದ ಅಗತ್ಯದಿಂದ ಅದರ ಗಣಿತ ಹುಟ್ಟಿತು. ಫ್ರಾನ್ಸಿನ ಸಿತ್ರೊಯೆನ್ ಸಂಸ್ಥೆಯಲ್ಲಿ ಪಾಲ್ ದ ಕಾಸ್ತೆಲ್‌ಜೊ 1959ರಲ್ಲಿ ಕಂಡುಕೊಂಡ ವಿಧಾನ ಗುಟ್ಟಾಗಿಯೇ ಉಳಿಯಿತು; 1960ರ ದಶಕದಲ್ಲಿ ರೆನೊ ಸಂಸ್ಥೆಯ ಪಿಯರ್ ಬೆಜಿಯೆ ಸ್ವತಂತ್ರವಾಗಿ ಇದೇ ಬಗೆಯ ರೇಖೆಯನ್ನು ರೂಪಿಸಿ ಪ್ರಕಟಿಸಿದುದರಿಂದ ಅವರ ಹೆಸರು ನಿಂತಿತು. 1987ರಲ್ಲಿ ಅಡೋಬಿ ಇಲ್ಲಸ್ಟ್ರೇಟರ್ ಇದನ್ನು ಲೇಖನಿಯ ರೂಪದಲ್ಲಿ ಚಿತ್ರಕಾರರ ಕೈಗಿತ್ತಿತು.

ಒಂದು ಬೆಜಿಯೆ ಖಂಡಕ್ಕೆ ನಾಲ್ಕು ಬಿಂದುಗಳು. ಮೊದಲ ಮತ್ತು ಕೊನೆಯ ಬಿಂದುಗಳನ್ನು ರೇಖೆ ಮುಟ್ಟುತ್ತದೆ. ನಡುವಿನ ಎರಡು, ಎಂದರೆ ಹಿಡಿಕೆಯ ತುದಿಗಳು, ಅದನ್ನು ದೂರದಿಂದ ಸೆಳೆಯುತ್ತವೆ. ಹಿಡಿಕೆಯ ದಿಕ್ಕನ್ನು ಅರಿಯುವುದು ಕಷ್ಟವಲ್ಲ; ತೊಡಕಿರುವುದು ಉದ್ದದಲ್ಲಿ. ಒಂದು ಹಿಡಿಕೆಯ ತುದಿಯನ್ನು 8 ಮಿ.ಮೀ. ಸರಿಸಿದರೆ ಖಂಡದ ನಡುಬಿಂದು 3 ಮಿ.ಮೀ. ಮಾತ್ರ ಸರಿಯುತ್ತದೆ; ಉಳಿದೆಡೆ ಪ್ರಮಾಣವೇ ಬೇರೆ. ಹಾಗೆಂದು, ಬಿಂದು ರೇಖೆಯ ಹೊರಗಿರುವುದೇ ದೋಷವೆನ್ನಲಾಗದು. ಚುಕ್ಕಿಗಳನ್ನು ಬಳಸಿ ಹೋಗುವ ರಂಗೋಲಿಯ ಎಳೆಯೂ ಚುಕ್ಕಿಯನ್ನು ಮುಟ್ಟದೆಯೇ ಅದಕ್ಕೆ ಅಧೀನವಾಗಿರುತ್ತದೆ. ಆದರೆ ಅಲ್ಲಿ ಚುಕ್ಕಿ ಕದಲದು. ಎಳೆಯನ್ನು ಎಷ್ಟು ದೂರದಲ್ಲಿ ತಿರುಗಿಸಬೇಕೆಂಬ ತೀರ್ಮಾನ ಬೆರಳಿನದೇ. ಹಿಡಿಕೆಯಲ್ಲಿ ಈ ಸಂಬಂಧ ತಲೆಕೆಳಗಾಗಿದೆ.

ಇದಕ್ಕಿಂತ ಗಂಭೀರವಾದದ್ದು ಹೆಸರಿನ ದೋಷ. ಎರಡು ಖಂಡಗಳು ಕೂಡುವಲ್ಲಿ ಹಿಡಿಕೆಗಳು ಒಂದೇ ಸರಳರೇಖೆಯಲ್ಲಿದ್ದರೆ ತಂತ್ರಾಂಶ ಆ ಬಿಂದುವನ್ನು ‘ಸ್ಮೂತ್’ ಎನ್ನುತ್ತದೆ. ಅಲ್ಲಿ ಹೊಂದುವುದು ದಿಕ್ಕು ಮಾತ್ರ. ವಕ್ರತೆ ಥಟ್ಟನೆ ಬದಲಾಗಬಹುದು. ಪರದೆಯ ಗುರುತು ನಯವೆಂದು ಸಾರುತ್ತಿರುವಲ್ಲಿ ಕಣ್ಣಿಗೆ ಗಂಟು ತೋರುವುದು ಇದರಿಂದಲೇ. ಬಹುಪಾಲು ಬಾಗುಗಳಿಂದಲೇ ಕಟ್ಟಿಕೊಂಡ ಕನ್ನಡ ಅಕ್ಷರಗಳಲ್ಲಿ ಈ ಗಂಟಿಗೆ ಮರೆಯೇ ಇಲ್ಲ. ‘ಠ’ ಅಕ್ಷರದ ದುಂಡನ್ನು ತುಸು ಅಗಲಿಸಹೊರಟವರು ಹೊರ ಅಂಚಿನ ನಾಲ್ಕು ಬಿಂದುಗಳ ಹಿಡಿಕೆಗಳನ್ನೂ ಒಳ ಅಂಚಿನವನ್ನೂ ಹೊಂದಿಸಬೇಕು. ಪರಿಕರದ ಸಹಜತೆಯನ್ನು ಅಳೆಯಬೇಕಾದದ್ದು ಮೊದಲ ಸಲ ಎಳೆಯುವಾಗ ಅಲ್ಲ, ಹೀಗೆ ಎರಡನೆಯ ಸಲ ತಿದ್ದುವಾಗ.

ಪರ್ಯಾಯಗಳು ಇಲ್ಲದಿಲ್ಲ. ರಾಫ್ ಲೆವಿಯನ್ ರೂಪಿಸಿದ ಸ್ಪೈರೊ ವಿಧಾನದಲ್ಲಿ ಹಿಡಿಕೆಯೇ ಇಲ್ಲ. ಬಿಂದುಗಳು ರೇಖೆಯ ಮೇಲೆಯೇ ಇದ್ದು, ವಕ್ರತೆಯ ಹೊಂದಾಣಿಕೆಯನ್ನು ತಂತ್ರಾಂಶ ನೋಡಿಕೊಳ್ಳುತ್ತದೆ. 2009ರಲ್ಲಿ ಇಂಕ್‌ಸ್ಕೇಪ್ ಇದನ್ನು ಅಳವಡಿಸಿಕೊಂಡಿತು. ದುಂಡಗಿನ ಅಕ್ಷರಕ್ಕೆ ಇದು ಒದಗುವ ಪರಿ ಮೆಚ್ಚತಕ್ಕದ್ದೇ. ಆದರೆ ಒಂದು ಬಿಂದುವನ್ನು ಕದಲಿಸಿದಾಗ ಕೈ ಮುಟ್ಟದ ಪಕ್ಕದ ಖಂಡಗಳೂ ಕದಲುತ್ತವೆ. ಬಿಂದುಗಳ ಅಂತರ ತೀರ ವಿಷಮವಾದರೆ ರೇಖೆ ಅನಿರೀಕ್ಷಿತ ಸುಳಿಗೆ ಬೀಳುವುದೂ ಉಂಟು. ಹಿಡಿಕೆ ಒರಟಾದರೂ ತನ್ನ ಎಲ್ಲೆಯನ್ನು ಮೀರದು. ನುರಿತವರು ಅದನ್ನು ಬಿಡದಿರುವುದನ್ನು ಬರಿಯ ಅಭ್ಯಾಸಬಲವೆಂದು ತಳ್ಳಿಹಾಕುವುದು ಸರಿಯಾಗದು.

ರೇಖೆಯನ್ನೇ ಹಿಡಿದೆಳೆಯುವ ಮೂರನೆಯ ಮಾರ್ಗವೂ ಹೊರನೋಟಕ್ಕಷ್ಟೇ ಸರಳ. ಎಳೆತ ಒಂದು, ಹಿಡಿಕೆಗಳು ಎರಡು. ಹಾಗಾಗಿ ಉತ್ತರಗಳು ಅಸಂಖ್ಯ. ಎರಡನ್ನೂ ಸಮನಾಗಿ ಸರಿಸುವುದಾದರೆ ನಡುಬಿಂದುವಿನ 3 ಮಿ.ಮೀ. ಚಲನೆಗೆ ಪ್ರತಿಯೊಂದೂ 4 ಮಿ.ಮೀ. ಸರಿಯಬೇಕು, ಆಗ ತುದಿಗಳಲ್ಲಿ ರೇಖೆಯ ದಿಕ್ಕು ಕೆಡಬಹುದು. ದಿಕ್ಕನ್ನು ಉಳಿಸಬೇಕೇ, ಆಕಾರವನ್ನೇ ಎಂಬ ಆಯ್ಕೆಯನ್ನು ತಂತ್ರಾಂಶ ಚಿತ್ರಕಾರರ ಪರವಾಗಿ ಸದ್ದಿಲ್ಲದೆ ಮಾಡಿಬಿಡುತ್ತದೆ.

ಕಡತದ ಪ್ರಶ್ನೆಯಂತೂ ಇನ್ನೂ ಬಗೆಹರಿದಿಲ್ಲ. ಸ್ಪೈರೊದಲ್ಲಿ ಎಳೆದ ರೇಖೆಯ ಮೂಲ ಬಿಂದುಗಳನ್ನು ಇಂಕ್‌ಸ್ಕೇಪ್ ತನ್ನದೇ ಟಿಪ್ಪಣಿಯಾಗಿ ಕಡತದಲ್ಲಿ ಉಳಿಸಿಕೊಳ್ಳುತ್ತದೆ. ಅದನ್ನು ಓದಲಾರದ ಬೇರೆ ತಂತ್ರಾಂಶಕ್ಕೆ ಕಾಣುವುದು ಬೆಜಿಯೆ ಖಂಡಗಳು ಮಾತ್ರ. ಅಕ್ಷರವನ್ನು ಅಲ್ಲಿ ತಿದ್ದುವವರು ಮತ್ತೆ ಹಿಡಿಕೆಗಳಿಂದಲೇ ಆರಂಭಿಸಬೇಕಾಗುತ್ತದೆ.